ಹವಳದ ಬೀದಿ, ಮಡಿ ಮತ್ತು ದೇವರ ಭಯ

ಚೆನ್ನೈಗೆ ಬಂದ ನಮ್ಮಂಥ ಕನ್ನಡಿಗರು ಓಎಂಆರ್ ದಾಟಿ ಆಚೆ ಹೋಗೋದು ಕಡಿಮೆ. ಒಂದು ಭಾನುವಾರ ಜಾರ್ಜ್‌ಟೌನ್‌ಗೆ ಹೋಗಿ. ಅಲ್ಲಿ ಪವಳಕ್ಕಾರ ತೆರು ಅಂತ ಒಂದು ಬೀದಿ ಇದೆ. ಪವಳ ಅಂದ್ರೆ ನಮ್ಮ ಹವಳವೇ. 17ನೇ ಶತಮಾನದಲ್ಲಿ ಪೋರ್ಚುಗೀಸ್ ಮೂಲದ ಯೆಹೂದಿ ವ್ಯಾಪಾರಿಗಳು ಇಲ್ಲಿಗೆ ಹವಳ ತರಿಸಿ, ಗೋಲ್ಕೊಂಡದ ವಜ್ರ ಕಳಿಸ್ತಿದ್ದರು. 1688ರಲ್ಲಿ ಮದ್ರಾಸ್ ಕಾರ್ಪೊರೇಷನ್ ಶುರುವಾದಾಗ ಅದರ ಆಲ್ಡರ್‌ಮನ್‌ಗಳಲ್ಲಿ ಅವರೂ ಇದ್ದರು. ಈಗ ಉಳಿದಿರೋದು ಲಾಯ್ಡ್ಸ್ ರಸ್ತೆಯ ಒಂದು ಪುಟ್ಟ ಸ್ಮಶಾನ.

ಇವತ್ತಿನ ಮಾತು ಅವರ ಧರ್ಮಗ್ರಂಥದ ಬಗ್ಗೆ.

ಕನ್ನಡ ಬೈಬಲ್‌ನಲ್ಲಿ 'ಒಡಂಬಡಿಕೆ' ಅನ್ನೋ ಪದ ಬರುತ್ತೆ. ಸರ್ಕಾರ ಕಂಪನಿ ಜೊತೆ ಸಹಿ ಹಾಕಿದಾಗಲೂ ಪೇಪರ್‌ನಲ್ಲಿ ಅದೇ ಪದ. ಹಾಗಾಗಿ ನಮಗೆ ಆಫರ್ ಲೆಟರ್, ನೋಟಿಸ್ ಪೀರಿಯಡ್ ನೆನಪಾಗೋದು ಸಹಜ. ಹೀಬ್ರೂನಲ್ಲಿ ಅದು 'ಬೆರೀತ್'. ಅದನ್ನ ಮಾಡೋದಿಲ್ಲ, 'ಕಡಿಯೋದು'. ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಾಮ ಪ್ರಾಣಿಗಳನ್ನ ಎರಡು ಹೋಳು ಮಾಡಿ ಎದುರುಬದುರು ಇಡ್ತಾನೆ. ಆ ಹೋಳುಗಳ ನಡುವೆ ನಡೆಯೋದು ಅಂದ್ರೆ, ಮಾತು ತಪ್ಪಿದರೆ ನನಗೂ ಇದೇ ಗತಿ ಅಂತ ಒಪ್ಪಿಕೊಂಡ ಹಾಗೆ. ಆದರೆ ಅಬ್ರಾಮನಿಗೆ ಗಾಢನಿದ್ರೆ. ಹೊಗೆಯಾಡೋ ಒಲೆ, ಉರಿಯೋ ಪಂಜು ಮಾತ್ರ ನಡುವೆ ಹಾದುಹೋಗುತ್ತೆ. ಅಂದ್ರೆ ನಡೆದವನು ದೇವರೊಬ್ಬನೇ! ಇಂಥ ಕರಾರಿಗೆ ನಮ್ಮ ಯಾವ ಎಚ್‌ಆರ್ ತಾನೇ ಸಹಿ ಹಾಕ್ತಾರೆ?

ಇನ್ನು 'ಕಾದೋಷ್', ಅಂದ್ರೆ ಪವಿತ್ರ, ಬೇರೆಯಾಗಿ ಇಟ್ಟದ್ದು. ನಮಗೆ ಇದನ್ನ ವಿವರಿಸೋದು ಸುಲಭ, ಅಜ್ಜಿಯ ಮಡಿ ನೋಡಿ ಬೆಳೆದವರು ನಾವು. ಯಾಜಕಕಾಂಡದಲ್ಲೂ ಮುಟ್ಟಬಾರದ್ದು, ತಿನ್ನಬಾರದ್ದು ಬೇಕಾದಷ್ಟಿದೆ. ಆದರೆ 'ಪವಿತ್ರರಾಗಿರಿ' ಅಂತ ಶುರುವಾಗೋ 19ನೇ ಅಧ್ಯಾಯ ಎಲ್ಲಿಗೆ ಹೋಗುತ್ತೆ ನೋಡಿ: ಹೊಲದ ಅಂಚಿನ ಪೈರು ಬಡವರಿಗೆ ಬಿಡಬೇಕು, ತಕ್ಕಡಿ ಸರಿಯಿರಬೇಕು, ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗೋವರೆಗೂ ನಮ್ಮ ಹತ್ತಿರ ಉಳೀಬಾರದು. ನಮ್ಮ ಟವರ್‌ಗಳಲ್ಲಿ ಹೌಸ್‌ಕೀಪಿಂಗ್ ಅಕ್ಕಂದಿರ ಸಂಬಳ ಏಜೆನ್ಸಿಯ ಬಿಲ್ ಪಾಸಾಗೋವರೆಗೂ ಕಾಯುತ್ತೆ. ಇಷ್ಟು ಹೇಳಿ ಮುಂದೆ ಹೋಗ್ತೀನಿ.

ಅದೇ ಅಧ್ಯಾಯದಲ್ಲಿ ಕಿವುಡರನ್ನ ಶಪಿಸಬಾರದು, ಕುರುಡರ ಮುಂದೆ ಎಡವೋ ಹಾಗೆ ಏನನ್ನೂ ಇಡಬಾರದು ಅಂತ ಇದೆ. ಅದರ ಹಿಂದೆಯೇ, ನಿನ್ನ ದೇವರಿಗೆ ಭಯಪಡು ಅಂತ. ಭಯ ಯಾಕೆ ಬಂತು ಇಲ್ಲಿ? 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ (ಹೌದು, ಹೆಸರೇ ಹಾಗೆ) ಹೇಳೋದು ಸರಳ: ನಮ್ಮ ಉದ್ದೇಶ ಏನಿತ್ತು ಅಂತ ಬೇರೆಯವರಿಗೆ ಗೊತ್ತಾಗದ ಕಡೆಯೇ ಈ ಮಾತು ಬರುತ್ತೆ. ಕಿವುಡರು ಕೇಳಿಸಿಕೊಳ್ಳಲ್ಲ, ಕುರುಡರು ಸಾಕ್ಷಿ ಹೇಳಲ್ಲ. ನಮ್ಮ 'ಭಯಭಕ್ತಿ' ಇದಕ್ಕೆ ಹತ್ತಿರದ ಪದ, ಆದರೆ ನಾವದನ್ನ ಗರ್ಭಗುಡಿಯ ಮುಂದೆ ಮಾತ್ರ ಬಳಸ್ತೀವಿ.

ಕೊನೆಗೆ ಯೆರೆಮೀಯ, 34ನೇ ಅಧ್ಯಾಯ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನ ಮುತ್ತಿದೆ. ಜನ ಕರುವನ್ನ ಸೀಳಿ, ಹೋಳುಗಳ ನಡುವೆ ಈ ಸಲ ತಾವೇ ನಡೆದು, ತಮ್ಮ ದಾಸದಾಸಿಯರನ್ನ ಬಿಡುಗಡೆ ಮಾಡ್ತಾರೆ. ಸೈನ್ಯ ಸ್ವಲ್ಪ ಹಿಂದೆ ಸರಿಯುತ್ತೆ. ಬಿಟ್ಟವರನ್ನೇ ಮತ್ತೆ ಎಳೆದು ತಂದು ದುಡಿಸ್ತಾರೆ. ಆಗ ಪ್ರವಾದಿಯ ಮೂಲಕ ದೇವರು, ನೀವು ನನ್ನ ಹೆಸರನ್ನೇ ಅಪವಿತ್ರ ಮಾಡಿದಿರಿ ಅಂತಾನೆ. ಗುಡಿಯಲ್ಲಿ ಯಾರೂ ಏನನ್ನೂ ಮುಟ್ಟಿರಲಿಲ್ಲ.