ಮುಸುಕೂ ಪಾಠವೂ



ಸ್ಕಂದಗಿರಿಯ ತಪ್ಪಲಿನ ಸೀಮೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಕನ್ನಡ ಕಲಿಸುವವನು ನಾನು. ಶಾಲೆಯಲ್ಲಿ ಮುಸುಕು ಇರಬಹುದೆ, ಇರಕೂಡದೆ ಎಂಬ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಪಂಡಿತನಾದ್ದರಿಂದ ಮೊದಲು ಪದದ ಅರ್ಥ. ಹಿಜಾಬ್ ಎಂದು ನಾವು ಕರೆಯುವುದು ತಲೆಯನ್ನು ಮುಚ್ಚುವ ವಸ್ತ್ರ, ಮೊಗ ಕಾಣುತ್ತದೆ. ನಿಖಾಬ್ ಮೊಗವನ್ನೂ ಮುಚ್ಚಿ ಕಣ್ಣನ್ನಷ್ಟೇ ಬಿಡುತ್ತದೆ. ಎರಡೂ ಒಂದೇ ಎಂದು ತಿಳಿದು ಜಗಳವಾಡಿದವರು ಬಹು ಮಂದಿ.

ನಡೆದುದನ್ನು ನೆನೆಯಿರಿ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರಿಗೆ ತರಗತಿಯ ಪ್ರವೇಶ ತಪ್ಪಿತು. 2022ರ ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಆಜ್ಞೆ ಹೊರಡಿಸಿತು. ಮಾರ್ಚ್ 15ರಂದು ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಹೇಮಂತ ಗುಪ್ತರು ಆ ತೀರ್ಪನ್ನು ಒಪ್ಪಿದರು. ಜೊತೆಗಿದ್ದ ಸುಧಾಂಶು ಧುಲಿಯಾ ಅವರು ಒಪ್ಪದೆ, ಹೆಣ್ಣುಮಕ್ಕಳ ಓದೇ ತಮಗೆ ಮುಖ್ಯವೆಂದರು. ವಿಷಯ ದೊಡ್ಡ ಪೀಠದತ್ತ ಸಾಗಿತು. ಅಲ್ಲಿ ನಡೆದ ವಾದ ತಲೆವಸ್ತ್ರದ್ದು, ಮೊಗಮುಸುಕಿನದಲ್ಲ.

ಇನ್ನು ಮೊಗದ ಮಾತು. ಪ, ಫ, ಬ, ಭ, ಮ ಇವು ಓಷ್ಠ್ಯಗಳು. ತುಟಿ ಕಾಣದೆ ಉಚ್ಚಾರಣೆ ತಿದ್ದುವುದು ಹೇಗೆಂದು ನಾನೂ ವಾದಿಸುತ್ತಿದ್ದೆ. ಆದರೆ 2021ರಲ್ಲಿ ಕೊರೋನಾದ ದೆಸೆಯಿಂದ ಗುರುಗಳೂ ಶಿಷ್ಯರೂ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಪಾಠ ನಡೆಸಿದೆವು. ಕಷ್ಟವಾಯಿತು, ಪಾಠ ನಿಲ್ಲಲಿಲ್ಲ. ಅಂದಿನಿಂದ ನನ್ನ ವಾದದ ಬಿಗಿ ಸಡಿಲಿದೆ. ಪಾಠದ ಹೊತ್ತಿನಲ್ಲಿ ಮೊಗ ತೋರೆಂದು ಗುರುವು ಕೇಳುವುದು ತಪ್ಪಲ್ಲ. ಪರೀಕ್ಷೆಯಲ್ಲಿ ಗುರುತು ನೋಡುವುದೂ ನ್ಯಾಯವೇ; ಉಪಾಧ್ಯಾಯಿನಿಯೊಬ್ಬರು ನೋಡಿದರಾಯಿತು. ತಲೆಯ ಮೇಲಣ ವಸ್ತ್ರದಿಂದ ಮಾತ್ರ ವ್ಯಾಕರಣಕ್ಕೆ ಯಾವ ಅಡ್ಡಿಯನ್ನೂ ನಾನು ಕಂಡಿಲ್ಲ.

ಸಮವಸ್ತ್ರವೆಂದರೆ ಸಮತೆಯಲ್ಲವೆ, ಎನ್ನುವಿರಿ. ನಿಜ. ಬಡವ ಬಲ್ಲಿದರ ಮಕ್ಕಳನ್ನು ಒಂದೇ ಸಾಲಿನಲ್ಲಿ ಕೂರಿಸುವುದೇ ಅದರ ಗುಣ. ಹಾಗಾದರೆ ಮಗುವನ್ನು ಸಾಲಿನಿಂದ ಎಬ್ಬಿಸಲು ಅದೇ ಕಾರಣವಾಗಬಾರದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮುಸಲ್ಮಾನ ಮನೆಗಳು ಅನೇಕ. ಶಾಲೆಯ ಬಾಗಿಲಿನಿಂದ ಹಿಂದಿರುಗಿದ ಹುಡುಗಿಗೆ ಅಂಥ ಮನೆಯಲ್ಲಿ ಬಿಸಿನೀರೂ ಗೂಡೂ ಕಾದಿರುತ್ತವೆ. ಮುಸುಕು ತೆಗೆಸಹೊರಟವರಾಗಲಿ ಹಾಕಿಸಹೊರಟವರಾಗಲಿ ಅವಳನ್ನು ಅಲ್ಲಿ ಹುಡುಕಿಕೊಂಡು ಬರುವುದಿಲ್ಲ.

ನಿಯಮ ಬೇಕಾದರೆ ವರ್ಷದ ಮೊದಲಲ್ಲೇ, ತಾಯಿತಂದೆಗಳನ್ನು ಕೂರಿಸಿಕೊಂಡು ಮಾಡಿರಿ. ಪರೀಕ್ಷೆಯ ಹೊಸ್ತಿಲಲ್ಲಿ ಬೇಡ. ನಿಮ್ಮೂರಿನ ಶಾಲೆಯಲ್ಲಿ ಈ ಮಾತು ಎದ್ದರೆ ಮೊದಲು ಹಾಜರಿ ಪುಸ್ತಕವನ್ನು ತೆರೆದು, ಯಾರ ಹೆಸರಿನ ಮುಂದೆ ಗೈರು ಬಿದ್ದಿದೆಯೆಂದು ನೋಡಿರಿ.