ಒಲೆ ಒಂದು, ಬಾವಿ ಒಂದು

(ಓದುಗರ ಬಳಗವೊಂದರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಈ ಉಪನ್ಯಾಸಕ್ಕೆ ನನ್ನನ್ನು ಕರೆಯಲು ಬಂದ ಗೆಳೆಯರು ತಮ್ಮದೊಂದು ಆಸೆಯನ್ನೂ ಹೇಳಿಕೊಂಡರು. ನಾಲ್ಕೈದು ಸಂಸಾರಗಳು ಸೇರಿ ಊರಾಚೆ ಒಂದಿಷ್ಟು ಜಮೀನು ಕೊಳ್ಳುವುದು, ಒಟ್ಟಿಗೆ ದುಡಿದು ಒಟ್ಟಿಗೆ ಉಣ್ಣುವುದು ಅವರ ಯೋಚನೆ. ಇದು ನಡೆಯುವ ಮಾತೇ ಎಂದು ಕೇಳಿದರು. ನಾನು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅಡುಗೆ ಯಾರು ಮಾಡುತ್ತೀರಿ ಎಂದಷ್ಟೇ ಕೇಳಿದೆ. ಅವರು ನಕ್ಕುಬಿಟ್ಟರು. ಅವರ ಮನೆಯ ಹೆಂಗಸರು ಜೊತೆಯಲ್ಲಿದ್ದಿದ್ದರೆ ನಗುತ್ತಿದ್ದರೋ ಇಲ್ಲವೋ ತಿಳಿಯದು.

ಕೂಡಿ ಬಾಳುವುದು ನಮಗೇನೂ ಹೊಸದಲ್ಲ. ಅವಿಭಕ್ತ ಕುಟುಂಬಗಳನ್ನು ಕಂಡವರು, ಅದರಲ್ಲಿ ಹುಟ್ಟಿ ಬೆಳೆದವರು ಇಲ್ಲಿಯೂ ಅನೇಕರಿದ್ದೀರಿ. ಮಠಗಳ ದಾಸೋಹದಲ್ಲಿ ಸಾವಿರಾರು ಜನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ನೋಡಿದ್ದೇವೆ. ಆದರೆ ಕುಟುಂಬವನ್ನು ರಕ್ತಸಂಬಂಧ ಹಿಡಿದಿಡುತ್ತದೆ, ಮಠವನ್ನು ಗುರು ಮತ್ತು ಪರಂಪರೆ ಹಿಡಿದಿಡುತ್ತವೆ. ಸಂಬಂಧಿಕರಲ್ಲದ, ಒಂದೇ ಜಾತಿಯವರಲ್ಲದ, ಕೆಲವೊಮ್ಮೆ ಒಂದೇ ಭಾಷೆಯವರೂ ಅಲ್ಲದ ಜನ ತಾವಾಗಿಯೇ ಬಂದು ಒಂದು ಸೂರಿನಡಿ ಸೇರಿದಾಗ ಅವರನ್ನು ಹಿಡಿದಿಡುವುದು ಯಾವುದು? ಈ ಪ್ರಶ್ನೆಗೆ ಗಾಂಧೀಜಿಯವರಷ್ಟು ಬಾರಿ ತಮ್ಮ ಬದುಕನ್ನೇ ಒಡ್ಡಿ ಉತ್ತರ ಹುಡುಕಿದವರು ವಿರಳ. ಎಡವಿದ್ದನ್ನೂ ಮುಚ್ಚಿಡದೆ ಅವರು ಬರೆದಿಟ್ಟಿದ್ದಾರೆ. ಆತ್ಮಕಥೆಯಲ್ಲಿ ಒಂದಿಷ್ಟು, ದಕ್ಷಿಣ ಆಫ್ರಿಕದ ಸತ್ಯಾಗ್ರಹದ ಇತಿಹಾಸದಲ್ಲಿ ಒಂದಿಷ್ಟು. ಇಂದಿನ ನನ್ನ ಮಾತಿಗೆ ಆ ಎರಡು ಪುಸ್ತಕಗಳೇ ಆಧಾರ.

ಕಥೆಯನ್ನು ಆಶ್ರಮದಿಂದ ಅಲ್ಲ, ಒಂದು ಮನೆಯಿಂದ ಆರಂಭಿಸಬೇಕು. ಡರ್ಬನ್‌ನಲ್ಲಿ ವಕೀಲಿ ಮಾಡುತ್ತಿದ್ದಾಗ ಗಾಂಧಿಯವರ ಮನೆಯಲ್ಲಿ ಅವರ ಗುಮಾಸ್ತರೂ ಮನೆಯವರಂತೆಯೇ ಇದ್ದರು. ಕೋಣೆಗಳಿಂದ ನೀರು ಹೊರಹೋಗುವ ವ್ಯವಸ್ಥೆ ಇರಲಿಲ್ಲ. ರಾತ್ರಿ ಬಳಸಿದ ಮೂತ್ರದ ಪಾತ್ರೆಗಳನ್ನು ಬೆಳಿಗ್ಗೆ ಯಾರಾದರೂ ಹೊತ್ತು ಹಾಕಬೇಕಿತ್ತು. ಹಳಬರಾದ ಗುಮಾಸ್ತರು ತಮ್ಮದನ್ನು ತಾವೇ ತೊಳೆಯುತ್ತಿದ್ದರು. ಹೊಸದಾಗಿ ಬಂದಿದ್ದವರೊಬ್ಬರು ಪಂಚಮ ತಂದೆತಾಯಿಗಳಿಗೆ ಹುಟ್ಟಿದ ಕ್ರೈಸ್ತರು. ಅವರ ಪಾತ್ರೆ ಗಾಂಧಿ ದಂಪತಿಗಳ ಪಾಲಿಗೆ ಬಂತು. ಕಸ್ತೂರಬಾ ಅಳುತ್ತಲೇ ಅದನ್ನು ಹೊತ್ತು ಮೆಟ್ಟಿಲಿಳಿದರು. ಗಂಡನಿಗೆ ಅಷ್ಟು ಸಾಲಲಿಲ್ಲ, ನಗುನಗುತ್ತಾ ಮಾಡಬೇಕೆಂದರು. ಮಾತಿಗೆ ಮಾತು ಬೆಳೆದು, ಹೆಂಡತಿಯ ಕೈ ಹಿಡಿದು ಬಾಗಿಲವರೆಗೆ ಎಳೆದೊಯ್ದರು. ಪರದೇಶದಲ್ಲಿ ತಾನು ಹೋಗುವುದಾದರೂ ಎಲ್ಲಿಗೆ, ನಾಚಿಕೆಯಾಗುವುದಿಲ್ಲವೇ ಎಂದು ಆಕೆ ಕೇಳಿದಾಗಲೇ ಅವರಿಗೆ ಎಚ್ಚರವಾದದ್ದು. ಇದು ನಡೆದದ್ದು 1898ರಲ್ಲಿ. ತತ್ವ ದೊಡ್ಡದೇ, ಅನುಮಾನವಿಲ್ಲ. ಆದರೆ ಅದು ಒಬ್ಬರ ತತ್ವ, ಪಾತ್ರೆ ಮಾತ್ರ ಇನ್ನೊಬ್ಬರ ಕೈಯಲ್ಲಿ. ಮುಂದಿನ ಹದಿನೇಳು ವರ್ಷಗಳ ಕಥೆಯಲ್ಲಿ ಈ ಪಾತ್ರೆ ನೆನಪಿನಲ್ಲಿರಲಿ.

1904ರಲ್ಲಿ ಜೊಹಾನೆಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟ ಗಾಂಧಿಯವರ ಕೈಗೆ ಗೆಳೆಯ ಪೋಲಕ್ ರೈಲು ನಿಲ್ದಾಣದಲ್ಲಿ ರಸ್ಕಿನ್‌ನ 'ಅನ್ ಟು ದಿಸ್ ಲಾಸ್ಟ್' ಪುಸ್ತಕವನ್ನಿಟ್ಟರು. ಇಪ್ಪತ್ತನಾಲ್ಕು ಗಂಟೆಗಳ ಪ್ರಯಾಣ. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಆಮೇಲಿನದು. 'ಇಂಡಿಯನ್ ಒಪಿನಿಯನ್' ಪತ್ರಿಕೆ ನಷ್ಟದಲ್ಲಿ ನಡೆಯುತ್ತಿತ್ತು. ಅದನ್ನು ಹಳ್ಳಿಗೆ ಸಾಗಿಸಿ, ಎಲ್ಲರೂ ದುಡಿದು, ಎಲ್ಲರೂ ಒಂದೇ ಸಂಬಳ ಪಡೆದರೆ ಪತ್ರಿಕೆ ಉಳಿದೀತೆಂಬ ಲೆಕ್ಕಾಚಾರವೂ ಆ ಆದರ್ಶದ ಜೊತೆಗಿತ್ತು. ಜಾತಿ, ಬಣ್ಣ ನೋಡದೆ ಪ್ರತಿಯೊಬ್ಬರಿಗೂ ತಿಂಗಳಿಗೆ 3 ಪೌಂಡ್. ಡರ್ಬನ್‌ನಿಂದ 14 ಮೈಲಿ ದೂರದ ಫೀನಿಕ್ಸ್ ಎಂಬಲ್ಲಿ ಮೊದಲು 20 ಎಕರೆ, ಅದಕ್ಕೆ ಹೊಂದಿದಂತೆ ಮತ್ತೆ 80 ಎಕರೆ, ಒಟ್ಟು ಸಾವಿರ ಪೌಂಡಿಗೆ ಕೊಂಡರು. ಒಂದು ಚಿಲುಮೆ, ಕೆಲವು ಕಿತ್ತಳೆ ಮಾವಿನ ಗಿಡಗಳು, ಬಿದ್ದುಹೋಗುವಂತಿದ್ದ ಒಂದು ಮನೆ, ಎತ್ತರದ ಹುಲ್ಲು, ಹುಲ್ಲಿನಲ್ಲಿ ಹಾವು. ಪಾರ್ಸಿ ರುಸ್ತುಂಜಿಯವರು ಹಳೆಯ ತಗಡುಗಳನ್ನು ಕೊಟ್ಟರು. ಒಂದು ತಿಂಗಳೊಳಗೆ ಮುದ್ರಣಾಲಯದ ಕಟ್ಟಡ ಎದ್ದಿತು.

ಮೊದಲ ಸಂಚಿಕೆ ಅಚ್ಚಾಗಬೇಕಾದ ರಾತ್ರಿ ಎಣ್ಣೆಯ ಎಂಜಿನ್ ಕೈಕೊಟ್ಟಿತು. ಕೈಯಿಂದ ತಿರುಗಿಸುವ ಚಕ್ರವೊಂದನ್ನು ಮುಂದಾಲೋಚನೆಯಿಂದ ಇಟ್ಟುಕೊಂಡಿದ್ದರು, ಆದರೆ ಅದಕ್ಕೆ ಸರದಿಯಲ್ಲಿ ನಾಲ್ಕು ನಾಲ್ಕು ಜನ ಬೇಕು. ಆಶ್ರಮವಾಸಿಗಳು ಆಗಲೇ ದಣಿದಿದ್ದರು. ಕಟ್ಟಡದ ಕೆಲಸ ಇನ್ನೂ ಮುಗಿಯದ್ದರಿಂದ ಬಡಗಿಗಳು ಅಲ್ಲೇ ಮಲಗಿದ್ದರು. ಅವರನ್ನು ಎಬ್ಬಿಸಿ ಕೇಳಿಕೊಂಡರು. ಬಡಗಿಗಳು ಎದ್ದು ಬಂದರು. ವೆಸ್ಟ್ ಎಂಬ ಇಂಗ್ಲಿಷ್ ಗೆಳೆಯ ಭಕ್ತಿಗೀತೆ ಹಾಡುತ್ತಿರಲು ಬೆಳಗಿನ ಏಳರವರೆಗೆ ಚಕ್ರ ತಿರುಗಿತು. ಬೆಳಗಾದ ಮೇಲೆ ನೋಡಿದರೆ ಎಂಜಿನ್ ತಾನೇ ಓಡತೊಡಗಿತು! ಅದು ನಮ್ಮನ್ನು ಪರೀಕ್ಷಿಸಿತೆಂದು ಗಾಂಧಿಯವರು ಭಾವಿಸಿದರು. ನನಗನ್ನಿಸುವುದು ಬೇರೆ. ಆದರ್ಶದ ಮೊದಲ ರಾತ್ರಿಯನ್ನು ದಾಟಿಸಿದವರಲ್ಲಿ ಆ ಆದರ್ಶದ ಪುಸ್ತಕವನ್ನೇ ಓದದ ಬಡಗಿಗಳೂ ಇದ್ದರು.

ಫೀನಿಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಮೂರು ಮೂರು ಎಕರೆಯ ತುಂಡು, ಅದರಲ್ಲಿ ತಗಡಿನ ಮನೆ. ಮಣ್ಣಿನ ಗುಡಿಸಲು ಕಟ್ಟಬೇಕೆಂದು ಗಾಂಧಿಯವರಿಗೆ ಆಸೆಯಿತ್ತು. ಅದಕ್ಕೆ ಹೆಚ್ಚು ಹಣ, ಹೆಚ್ಚು ಸಮಯ ಬೇಕಾಗಿದ್ದರಿಂದ ಆಗಲಿಲ್ಲ. ಸರಳ ಜೀವನ ಅಗ್ಗವೆಂದು ತಿಳಿದವರು ಇದನ್ನು ಗಮನಿಸಬೇಕು. ಇನ್ನೊಂದು ಸಂಗತಿ, ಇದನ್ನು ಕಟ್ಟಿದವರೇ ಅಲ್ಲಿ ಹೆಚ್ಚು ದಿನ ಇರಲಾಗಲಿಲ್ಲ. ಕೆಲಸ ಅವರನ್ನು ಜೊಹಾನೆಸ್‌ಬರ್ಗ್‌ಗೆ ಎಳೆಯಿತು. ಇದ್ದು ನಡೆಸಿದವರು ಮಗನಲಾಲ್, ಛಗನಲಾಲ್, ವೆಸ್ಟ್ ಮೊದಲಾದವರು. ಹೀಗೆ ನಿಂತು ನಡೆಸುವ ಜನರ ಹೆಸರು ಇತಿಹಾಸದಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ.

ಎರಡನೆಯ ಪ್ರಯತ್ನಕ್ಕೆ ಕಾರಣ ಪುಸ್ತಕವಲ್ಲ, ಖಾಲಿಯಾಗುತ್ತಿದ್ದ ಖಜಾನೆ. ಟ್ರಾನ್ಸ್‌ವಾಲ್‌ನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರ ಸಂಸಾರಗಳಿಗೆ ಅವರವರ ಅಗತ್ಯ ನೋಡಿ ತಿಂಗಳು ತಿಂಗಳು ಹಣ ಕೊಡಲಾಗುತ್ತಿತ್ತು. ಯಾರ ಅಗತ್ಯ ಎಷ್ಟೆಂದು ಅಳೆಯುವವರಾರು? ಎಲ್ಲರನ್ನೂ ಒಂದೆಡೆ ಸೇರಿಸಿ ಒಂದೇ ಒಲೆಯಲ್ಲಿ ಬೇಯಿಸಿದರೆ ಹಣವೂ ಉಳಿಯುತ್ತದೆ, ಅನುಮಾನಕ್ಕೂ ಎಡೆಯಿರುವುದಿಲ್ಲ. ಜರ್ಮನಿಯಿಂದ ಬಂದ ಯಹೂದಿ ವಾಸ್ತುಶಿಲ್ಪಿ ಹರ್ಮನ್ ಕ್ಯಾಲೆನ್‌ಬಾಕ್ ಜೊಹಾನೆಸ್‌ಬರ್ಗ್‌ನಿಂದ 21 ಮೈಲಿ ದೂರದಲ್ಲಿ ಸುಮಾರು 1,100 ಎಕರೆ ಕೊಂಡು, 1910ರ ಮೇ 30ರಂದು ಬಾಡಿಗೆಯಿಲ್ಲದೆ ಸತ್ಯಾಗ್ರಹಿಗಳ ಉಪಯೋಗಕ್ಕೆ ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್.

ಇಲ್ಲಿ ಸೇರಿದವರು ಗುಜರಾತಿಗಳು, ತಮಿಳರು, ತೆಲುಗರು, ಉತ್ತರ ಹಿಂದುಸ್ತಾನದವರು. ಧರ್ಮದಿಂದ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ. ಚಿಲುಮೆ ಮನೆಗಳಿಂದ 500 ಗಜ ದೂರ, ನೀರನ್ನು ಕಾವಡಿಯಲ್ಲಿ ಹೊತ್ತು ತರಬೇಕು. ಆಳುಗಳಿಲ್ಲ. ಬೆಳಿಗ್ಗೆ ರೊಟ್ಟಿ ಮತ್ತು ಹುರಿದ ಗೋಧಿಯ 'ಕಾಫಿ', ಹನ್ನೊಂದಕ್ಕೆ ಅನ್ನ, ಬೇಳೆ, ತರಕಾರಿ, ಸಂಜೆ ಗೋಧಿಯ ಗಂಜಿ ಅಥವಾ ಮತ್ತೆ ರೊಟ್ಟಿ. ಜೈಲಿನಲ್ಲಿ ಕೊಡುವಂಥ ಒಂದೊಂದು ಬಟ್ಟಲು, ತಾವೇ ಕೆತ್ತಿದ ಮರದ ಚಮಚ. ಪೇಟೆಗೆ ಸ್ವಂತ ಕೆಲಸಕ್ಕೆ ಹೋಗುವವರು ನಡೆದೇ ಹೋಗಬೇಕು. ನಸುಕಿನ ಎರಡು ಗಂಟೆಗೆ ಹೊರಟು ಅಂದೇ ಹಿಂದಿರುಗುತ್ತಿದ್ದರು, 42 ಮೈಲಿ! ಕ್ಯಾಲೆನ್‌ಬಾಕ್ ಟ್ರಾಪಿಸ್ಟ್ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು, ಅವರಿಂದ ಗಾಂಧಿಯವರು ಕಲಿತರು. ಮಲವನ್ನು ಮಣ್ಣಿನಲ್ಲಿ ಹೂಳುತ್ತಿದ್ದರು. ನಾತವಿರಲಿಲ್ಲ, ನೊಣವಿರಲಿಲ್ಲ, ಗೊಬ್ಬರ ಮಾತ್ರ ಇತ್ತು.

ಅಡುಗೆಮನೆಯ ಪ್ರಶ್ನೆ ಬಂತು. ಮಾಂಸ ತಿನ್ನುವ ಮುಸ್ಲಿಮರು, ಕ್ರೈಸ್ತರು ಇದ್ದಾರೆ. ಅವರ ಗಂಡಂದಿರು ಜೈಲಿನಲ್ಲಿದ್ದಾರೆ. ಬಡತನದಿಂದ ಇಲ್ಲಿಗೆ ಬಂದವರ ಮೇಲೆ ಸಸ್ಯಾಹಾರ ಹೇರುವುದು ಹೇಗೆ? ಕೇಳಿದರೆ ಮಾಂಸದ ಏರ್ಪಾಡು ಮಾಡಿಕೊಡಲೇಬೇಕು, ಗೋಮಾಂಸವಾದರೂ ಸರಿ, ಎಂದು ಗಾಂಧಿಯವರು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರು. ಆಮೇಲೆ ಆ ಹೆಂಗಸರ ಬಳಿ ಹೋಗಿ ಮಾತಾಡಿದರು. ಖರ್ಚು ಹೇಳಿದರು, ತಮ್ಮ ಕಷ್ಟ ಹೇಳಿದರು. ಹೆಂಗಸರು ಸಸ್ಯಾಹಾರದ ಒಂದೇ ಅಡುಗೆಗೆ ತಾವಾಗಿ ಒಪ್ಪಿದರು. 1898ರ ಆ ಗಂಡನಿಗೂ 1910ರ ಈ ಮನುಷ್ಯನಿಗೂ ಇರುವ ಅಂತರ ಇದು. ನಿಯಮ ಅದೇ ಆಗಿರಬಹುದು, ಆದರೆ ಪಾತ್ರೆ ಹೊರುವವರನ್ನು ಈ ಸಲ ಮೊದಲು ಕೇಳಿದ್ದರು. ರಂಜಾನ್ ಬಂದಾಗ ಮುಸ್ಲಿಂ ಮಕ್ಕಳ ಜೊತೆ ಬೇರೆಯವರೂ ಉಪವಾಸ ಮಾಡಿದ್ದು ಆಮೇಲಿನ ಮಾತು. ಅದು ಈ ಒಪ್ಪಿಗೆಯ ಫಲವೇ ಎನ್ನಬಹುದು.

ಎಲ್ಲವೂ ಹೀಗೆಯೇ ನಡೆಯಿತೆಂದಲ್ಲ. ಹುಡುಗರು, ಹುಡುಗಿಯರು ಒಂದೇ ಹೊತ್ತಿನಲ್ಲಿ ಚಿಲುಮೆಗೆ ಸ್ನಾನಕ್ಕೆ ಹೋಗಲು ಗಾಂಧಿಯವರು ಬಿಟ್ಟಿದ್ದರು. ಒಬ್ಬ ಹುಡುಗ ಇಬ್ಬರು ಹುಡುಗಿಯರನ್ನು ಗೇಲಿ ಮಾಡಿದ. ರಾತ್ರಿಯೆಲ್ಲ ಯೋಚಿಸಿ ಅವರು ಕಂಡುಕೊಂಡ ಪರಿಹಾರವೆಂದರೆ ಆ ಹುಡುಗಿಯರ ಕೂದಲನ್ನು ತಾವೇ ಕತ್ತರಿಸಿದ್ದು. ಅದರಿಂದ ಒಳ್ಳೆಯದಾಯಿತೆಂದೇ ಅವರು ಬರೆದಿದ್ದಾರೆ. ಹುಡುಗಿಯರ ತಲೆಗೇಕೆ ಕತ್ತರಿ ಎಂಬ ಪ್ರಶ್ನೆ ಇಂದು ಓದುವ ಯಾರಿಗಾದರೂ ಏಳದಿರದು. ಒಬ್ಬರ ಮಾತೇ ಕೊನೆಯ ಮಾತಾಗಿರುವ ಕಡೆ ಇಂಥದ್ದು ನಡೆಯುತ್ತದೆ.

1912ರಲ್ಲಿ ಗೋಖಲೆಯವರು ಬಂದ ಪ್ರಸಂಗವೂ ಇದೇ ಜಾತಿಯದು. ನಾಜೂಕಾದ ಆರೋಗ್ಯದ ಹಿರಿಯರನ್ನು ನಿಲ್ದಾಣದಿಂದ ಒಂದೂವರೆ ಮೈಲಿ ನಡೆಸಿದರು. ಮಳೆ ಬಂದು ಅವರಿಗೆ ಶೀತ ಹಿಡಿಯಿತು. ಫಾರ್ಮಿನಲ್ಲಿ ಮಂಚವೇ ಇರಲಿಲ್ಲ, ಅವರಿಗಾಗಿ ಒಂದನ್ನು ಎರವಲು ತಂದಿದ್ದರು. ಉಳಿದವರೆಲ್ಲ ನೆಲದ ಮೇಲೆ ಮಲಗುವುದನ್ನು ಕಂಡ ಗೋಖಲೆ ಮಂಚ ತೆಗೆಸಿ ತಮ್ಮ ಹಾಸಿಗೆಯನ್ನೂ ನೆಲಕ್ಕೆ ಹಾಕಿಸಿದರು. ಕಷ್ಟಪಡಲು ನೀವು, ಸುಖಪಡಲು ನಾವು ಹುಟ್ಟಿದ್ದೇವೆಂದು ತಿಳಿದಿದ್ದೀರೋ ಎಂಬ ಧಾಟಿಯಲ್ಲಿ ಗದರಿಸಿದರಂತೆ. ಆ ರಾತ್ರಿ ತಮಗೆ ಪಶ್ಚಾತ್ತಾಪದ ರಾತ್ರಿಯಾಯಿತೆಂದು ಗಾಂಧಿ ಬರೆಯುತ್ತಾರೆ.

1913ರ ಹೊತ್ತಿಗೆ ಟಾಲ್‌ಸ್ಟಾಯ್ ಫಾರ್ಮ್ ಮುಚ್ಚಿತು. ಜೈಲಿನಿಂದ ಬಿಡುಗಡೆಯಾದವರು ತಮ್ಮ ತಮ್ಮ ಮನೆಗೆ ಹೋದರು. ಇದನ್ನು ಸೋಲೆಂದು ನಾನು ಕರೆಯಲಾರೆ. ಯಾವ ಕೆಲಸಕ್ಕೆ ಕೂಡಿದ್ದರೋ ಆ ಕೆಲಸ ಮುಗಿದಿತ್ತು. ಫೀನಿಕ್ಸ್ ಮಾತ್ರ ಬಹುಕಾಲ ಬಾಳಿತು. 1985ರ ಗಲಭೆಯಲ್ಲಿ ಸುಟ್ಟು, ಪುನಃ ಕಟ್ಟಲ್ಪಟ್ಟು, 2000ದಲ್ಲಿ ಸ್ಮಾರಕವಾಗಿ ತೆರೆಯಿತು.

ಇನ್ನು ಬಾವಿಯ ಮಾತು. ಭಾರತಕ್ಕೆ ಮರಳಿದ ಮೇಲೆ 1915ರ ಮೇ 25ರಂದು ಅಹಮದಾಬಾದಿನ ಕೊಚರಬ್‌ನಲ್ಲಿ, ಬಾಡಿಗೆ ಬಂಗಲೆಯಲ್ಲಿ ಆಶ್ರಮ ಶುರುವಾಯಿತು. ಸುಮಾರು 25 ಜನ, ಅವರಲ್ಲಿ 13 ಮಂದಿ ತಮಿಳರು. ಅಸ್ಪೃಶ್ಯರಿಗೂ ಪ್ರವೇಶವಿದೆ ಎಂದು ಗಾಂಧಿಯವರು ಮೊದಲೇ ಸಾರಿದ್ದರು. ಬರುವವರಾರು ಎಂದುಕೊಂಡು ಹಣವಂತರು ಸುಮ್ಮನಿದ್ದರು. ಕೆಲವೇ ತಿಂಗಳಲ್ಲಿ ದೂದಾಭಾಯಿ ಎಂಬ ಶಿಕ್ಷಕರು ಪತ್ನಿ ದಾನಿಬೆಹನ್ ಮತ್ತು ಪುಟ್ಟ ಮಗು ಲಕ್ಷ್ಮಿಯೊಡನೆ ಬಂದೇಬಿಟ್ಟರು.

ಬಾವಿ ಬಂಗಲೆಯ ಮಾಲೀಕರ ಜೊತೆ ಹಂಚಿಕೊಂಡದ್ದು. ಆಶ್ರಮದ ಕೊಡದಿಂದ ಹನಿ ಬಿದ್ದರೆ ಮೈಲಿಗೆಯಾಗುತ್ತದೆಂದು ಕಪಿಲೆಯಲ್ಲಿ ನೀರೆತ್ತುವವನು ಬೈಯತೊಡಗಿದ, ದೂದಾಭಾಯಿಯವರನ್ನು ಪೀಡಿಸಿದ. ಬೈಗುಳ ಸಹಿಸಿಕೊಂಡು ನೀರು ಸೇದುತ್ತಲೇ ಇರಿ ಎಂದರು ಗಾಂಧಿ. ಕೊನೆಗೆ ಅವನೇ ನಾಚಿ ಸುಮ್ಮನಾದ. ಆದರೆ ಹಣದ ನೆರವು ನಿಂತುಹೋಯಿತು. ಬಹಿಷ್ಕಾರದ ವದಂತಿ ಹಬ್ಬಿತು. ಹಾಗಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ದುಡಿದು ತಿನ್ನೋಣ ಎಂಬ ತೀರ್ಮಾನಕ್ಕೆ ಬಂದಿದ್ದರು. ಮುಂದಿನ ತಿಂಗಳಿಗೆ ಕಾಸಿಲ್ಲವೆಂದು ಮಗನಲಾಲ್ ಹೇಳಿದರು. ಆಗ ಕಾರಿನಲ್ಲಿ ಬಂದ ಸೇಠರೊಬ್ಬರು ಒಳಗೂ ಬಾರದೆ 13,000 ರೂಪಾಯಿಯ ನೋಟುಗಳನ್ನು ಕೈಗಿತ್ತು ಹೋದದ್ದು ಪ್ರಸಿದ್ಧವೇ.

ಬಾವಿಗಿಂತ ಕಷ್ಟದ್ದು ಅಡುಗೆಮನೆ. ಕಸ್ತೂರಬಾ ಅವರಿಗೂ ಇತರ ಹೆಂಗಸರಿಗೂ ದಾನಿಬೆಹನ್ ಬಂದದ್ದು ಹಿತವಾಗಲಿಲ್ಲ. ಜಗಳವಿಲ್ಲ, ಆದರೆ ಉದಾಸೀನ ಕಾಣುತ್ತಿತ್ತೆಂದು ಗಾಂಧಿಯವರೇ ಒಪ್ಪಿಕೊಂಡಿದ್ದಾರೆ. ಸಣ್ಣಪುಟ್ಟ ಅವಮಾನಗಳನ್ನು ನುಂಗಿಕೊಳ್ಳಿರೆಂದು ದೂದಾಭಾಯಿಯವರಿಗೆ ಹೇಳಬೇಕಾಯಿತು. ಸಮಾನತೆಯ ಮನೆಯೊಳಗೂ ನುಂಗಿಕೊಳ್ಳುವ ಕೆಲಸ ಅದೇ ದಂಪತಿಗಳಿಗೆ ಬಂತು! ಆದರೂ ಅವರು ಹೊರಟುಹೋಗಲಿಲ್ಲ. ಈ ಬಾರಿ ಕಸ್ತೂರಬಾ ಅವರನ್ನು ಯಾರೂ ಬಾಗಿಲಿಗೆ ಎಳೆದೊಯ್ಯಲಿಲ್ಲ. ಮುಂದೆ ಲಕ್ಷ್ಮಿಯನ್ನು ಗಾಂಧಿಯವರು ಮಗಳೆಂದೇ ಸಾಕಿದರು.

1917ರಲ್ಲಿ ಕೊಚರಬ್‌ಗೆ ಪ್ಲೇಗ್ ಬಂತು. ಆಶ್ರಮ ಸಬರಮತಿ ದಂಡೆಗೆ, ಜೈಲಿನ ಸಮೀಪದ ಬಯಲಿಗೆ ಹೊರಟಿತು. ಅಲ್ಲಿ ಮರವಿಲ್ಲ, ಮನೆಯಿಲ್ಲ, ಹಾವು ಮಾತ್ರ ಬೇಕಾದಷ್ಟು. ಆಗ ಸುಮಾರು 40 ಜನರಿದ್ದರು. ಮನೆಗಳು ಏಳುವವರೆಗೆ ಗುಡಾರಗಳಲ್ಲಿರುವುದೆಂದು ತೀರ್ಮಾನವಾಯಿತು. ತಗಡು ಹೊದಿಸಿದ್ದು ಅಡುಗೆಮನೆಗೆ.