ಬಿಡುವುದು ದೋಷವಲ್ಲ, ಪ್ರಮಾದವೇ ದೋಷ
(ವಟ್ವಾದ ಕನ್ನಡ ಜೈನ ಕುಟುಂಬಗಳಿಗಾಗಿ ಮಾಡಿದ ಭಾಷಣ)



ದಶಲಕ್ಷಣ ಪರ್ವ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಶುಚಿಕಾರ್ಯ ಆರಂಭವಾಗುತ್ತದೆ. ಮಂಚದ ಅಡಿಯಿಂದ, ಕಪಾಟಿನ ಮೇಲಿಂದ ಪೆಟ್ಟಿಗೆಗಳು ಹೊರಬರುತ್ತವೆ. ಧೂಳು ಒರೆಸಿಕೊಂಡು ಮತ್ತೆ ಒಳಗೇ ಸೇರುತ್ತವೆ. ಬಳಸುವುದಿಲ್ಲವೆಂದು ಗೊತ್ತಿದ್ದರೂ ಬಿಡಲು ಮನಸ್ಸು ಅಳುಕುತ್ತದೆ. ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯಗಳನ್ನು ಕುರಿತು ಪ್ರವಚನ ಕೇಳುವ ನಾವು ಈ ಅಳುಕನ್ನು ಪರೀಕ್ಷಿಸಬೇಕಲ್ಲವೇ?

ಈ ಅಳುಕಿಗೆ ಮೂರು ಮೂಲಗಳಿವೆ. ಮೊದಲನೆಯದು ಹಣ. ದುಡ್ಡು ತೆತ್ತು ತಂದುದನ್ನು ಹೇಗೆ ಬಿಡುವುದೆಂದು ಕೇಳುತ್ತೇವೆ. ಆ ಹಣ ಕೊಂಡ ದಿನವೇ ವ್ಯಯವಾಯಿತು. ಕೆಟ್ಟ ಮಿಕ್ಸರನ್ನು ಹತ್ತು ವರ್ಷ ಕಾಯ್ದರೂ ಹಿಂದಿರುಗದು. ಎರಡನೆಯದು ಸಂಬಂಧ. ಅತ್ತೆಯವರು ಕೊಟ್ಟ ಸೀರೆ, ಸೋದರಮಾವ ಮದುವೆಗಿತ್ತ ಹಂಡೆ. ಅವರ ವಾತ್ಸಲ್ಯ ಕೊಟ್ಟ ಕ್ಷಣದಲ್ಲೇ ನಮಗೆ ಸಂದಿದೆ. ಕಿಲುಬುಗಟ್ಟುವ ಹಂಡೆ ಅದನ್ನು ಹೆಚ್ಚಿಸಲಾರದು. ಮೂರನೆಯದು ‘ಎಂದಾದರೂ ಬೇಕಾದೀತು’ ಎಂಬ ಭಯ. ನೆಂಟರು ದೂರವಿರುವ ಪರನಾಡಿನಲ್ಲಿ ಇದು ಸಹಜ. ಇದನ್ನು ಹಾಸ್ಯ ಮಾಡಲಾಗದು. ಆದರೆ ಭಯಕ್ಕೆ ಒಂದು ಮಿತಿ ಇರಲಿ ಎಂದೇ ಗೃಹಸ್ಥರಿಗೆ ಪರಿಗ್ರಹ ಪರಿಮಾಣ ವ್ರತವನ್ನು ವಿಧಿಸಲಾಗಿದೆ. ಬಟ್ಟೆ, ಪಾತ್ರೆಗಳೂ ಆ ಪರಿಮಾಣದೊಳಗೇ ಬರುತ್ತವೆ.

‘ಬಿಸಾಡಿದರೆ ಹಿಂಸೆಯಾಗದೇ?’ ಎಂಬ ಪ್ರಶ್ನೆ ಸಾಧುವಾದುದು. ಮುನಿಗಳ ಐದು ಸಮಿತಿಗಳನ್ನು ನೆನೆಯಿರಿ. ವಸ್ತುವನ್ನು ಎತ್ತುವಾಗ, ಇಡುವಾಗ ಎಚ್ಚರದಿಂದಿರುವುದು ಆದಾನನಿಕ್ಷೇಪಣ ಸಮಿತಿ. ಮಲಾದಿಗಳನ್ನು ನಿರ್ಜಂತುಕ ಸ್ಥಳ ನೋಡಿ ತ್ಯಜಿಸುವುದು ಉತ್ಸರ್ಗ ಸಮಿತಿ. ತ್ಯಜಿಸುವುದಕ್ಕೂ ನಮ್ಮಲ್ಲಿ ವಿಧಿಯಿದೆ ಎಂದಾಯಿತು. ಬಿಡುವುದು ದೋಷವಲ್ಲ, ಪ್ರಮಾದದಿಂದ ಬಿಡುವುದು ದೋಷ. ವರ್ಷಗಟ್ಟಲೆ ಕದಲದ ಪೆಟ್ಟಿಗೆಯಲ್ಲಿ ಜಿರಲೆ, ನುಸಿಗಳು ಹುಟ್ಟಿ, ಒಂದು ದಿನ ಔಷಧಕ್ಕೆ ಬಲಿಯಾಗುವುದೂ ಹಿಂಸೆಯೇ.

ಇಲ್ಲಿ ಪ್ರಮಾದದ ಫಲ ಬರಿಗಣ್ಣಿಗೇ ಕಾಣುತ್ತದೆ. 1980ರ ದಶಕದಿಂದ ಅಹಮದಾಬಾದಿನ ಕಸವು ಪಿರಾಣಾದಲ್ಲಿ ಬೆಟ್ಟವಾಗಿ ಬೆಳೆಯಿತು. ಅದರ ಹೊಗೆ ಕುಡಿದವರು ಸುತ್ತಲಿನ ಬಡವರು. ಬೇರ್ಪಡಿಸದೆ ಎಸೆದ ಪ್ರತಿಯೊಂದು ಚೀಲವೂ ಆ ಬೆಟ್ಟಕ್ಕೆ ನಮ್ಮ ಕಾಣಿಕೆ. ಆದರೆ ಇದೇ ನಗರದಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆಯ ಮೊದಲ ಸದಸ್ಯರಲ್ಲಿ ಹಳೆಯ ಬಟ್ಟೆ ಮಾರುವ ಹೆಂಗಸರೂ ಇದ್ದರು. ನಮಗೆ ಭಾರವಾದ ಬಟ್ಟೆ ಅವರಿಗೆ ಜೀವನೋಪಾಯ. ಒಗೆದು, ಮಡಿಸಿ, ಗೌರವದಿಂದ ಕೊಡೋಣ. ಹರಿದುದನ್ನು, ಒಡೆದುದನ್ನು ದಾನವೆಂದು ಬಡವರ ಮನೆಗೆ ಸಾಗಿಸುವುದು ದಾನವಲ್ಲ. ಕೆಟ್ಟ ವಿದ್ಯುತ್ ಉಪಕರಣಗಳನ್ನು ಅಧಿಕೃತ ಸಂಗ್ರಾಹಕರಿಗೇ ಒಪ್ಪಿಸೋಣ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕರನ್ನೂ ಹೊಣೆಗಾರರನ್ನಾಗಿಸಿವೆ. ಆ ಹೊಣೆಯನ್ನು ಕೇಳುವುದು ನಾಗರಿಕರ ಹಕ್ಕು.

ಓದದ ಗ್ರಂಥಗಳನ್ನು ಏನು ಮಾಡುವುದೆಂದು ಹಿರಿಯರು ಕೇಳುತ್ತಾರೆ. 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅವಳ ಕೀರ್ತಿ ಉಳಿದದ್ದು ಹಂಚಿದ್ದರಿಂದ, ಕೂಡಿಟ್ಟದ್ದರಿಂದಲ್ಲ. ಶಾಸ್ತ್ರಕ್ಕೆ ವಿನಯವೆಂದರೆ ಅದು ಓದುವವರ ಕೈಸೇರುವುದು.

ಕೊನೆಗೆ ಸಮಾಜದ ಮುಖಂಡರಲ್ಲಿ ಒಂದು ವಿನಂತಿ. ನಮ್ಮ ಕಪಾಟುಗಳನ್ನು ಅಂಗಡಿಗಳಷ್ಟೇ ನಮ್ಮ ಉತ್ಸವಗಳೂ ತುಂಬಿವೆ. ಪ್ರತಿ ಮಹೋತ್ಸವಕ್ಕೆ ಒಂದು ಸ್ಟೀಲ್ ಡಬ್ಬಿ, ಪ್ರತಿ ಸನ್ಮಾನಕ್ಕೆ ಒಂದು ಫಲಕ. ಅಪರಿಗ್ರಹವನ್ನು ಬೋಧಿಸುವ ವೇದಿಕೆಯಿಂದಲೇ ಪರಿಗ್ರಹವನ್ನು ಹಂಚುವ ಈ ಪದ್ಧತಿ ನಿಲ್ಲಲಿ; ಆ ಹಣ ವಿದ್ಯಾರ್ಥಿವೇತನಕ್ಕೆ ಸಲ್ಲಲಿ.

ಅಳುಕನ್ನು ಅದರ ಸರಿಯಾದ ಸ್ಥಳದಲ್ಲಿಡೋಣ. ಬಿಡುವಾಗ ಅಲ್ಲ, ಕೊಳ್ಳುವಾಗ ಅಳುಕೋಣ. ಈ ಪರ್ವದಲ್ಲಿ ಪ್ರತಿ ಮನೆಯೂ ಒಂದು ಪೆಟ್ಟಿಗೆಯನ್ನು ತೆರೆದು, ಎಚ್ಚರದಿಂದ ಬರಿದು ಮಾಡಲಿ.

ಜಯ ಜಿನೇಂದ್ರ.